ಇಇಜಿಯಲ್ಲಿ ಟ್ರಿಗರ್ ಮೊದಲು, ಚಿತ್ರ ಆಮೇಲೆ!

ಕಪ್ಪು-ಬಿಳುಪು ಚೌಕಳಿ ಚಿತ್ರ ತೋರಿಸಿದರೆ ತಲೆಯ ಹಿಂಭಾಗದ ಇಇಜಿಯಲ್ಲಿ (ಮೆದುಳಿನ ವಿದ್ಯುತ್ ಅಲೆಗಳ ದಾಖಲೆ) ಸುಮಾರು 100 ಮಿಲಿಸೆಕೆಂಡಿಗೆ ಪಿ100 ಅಲೆ ಏಳಬೇಕು. ನಮ್ಮಲ್ಲಿ ಅದು 140ರ ಹತ್ತಿರ ಬರುತ್ತಿತ್ತು, ಅದೂ ಎಲ್ಲರಿಗೂ. ಎಲ್ಲರ ಮೆದುಳೂ ಒಟ್ಟಿಗೆ ನಿಧಾನವಾಗುವುದಿಲ್ಲ ಅಲ್ವಾ? ಹಾಗಾಗಿ ಅನುಮಾನ ಬಂದದ್ದು ಟ್ರಿಗರ್ ಮೇಲೆ, ಅಂದರೆ ಚಿತ್ರ ಬಂತೆಂದು ಕಂಪ್ಯೂಟರ್ ಇಇಜಿ ದಾಖಲೆಯಲ್ಲಿ ಹಾಕುವ ಗುರುತಿನ ಮೇಲೆ.

ಚಿತ್ರ ಬರುವ ಫ್ರೇಮಿನಲ್ಲೇ ಬೆಳಗುವ ಪುಟ್ಟ ಬಿಳಿ ಚೌಕವನ್ನು ಪರದೆಯ ಮೂಲೆಯಲ್ಲಿ ಹಾಕಿದೆ. ಅದರ ಮೇಲೆ ಫೋಟೋಡಯೋಡ್ (ಬೆಳಕನ್ನು ಗ್ರಹಿಸುವ ಸೆನ್ಸರ್) ಇಟ್ಟು, ಕಪ್ಪು ಟೇಪ್ ಅಂಟಿಸಿ, ವೈರನ್ನು ಇಇಜಿ ಆಂಪ್ಲಿಫೈಯರಿನ ಆಕ್ಸ್ (ಹೆಚ್ಚುವರಿ) ಚಾನೆಲ್‌ಗೆ ಕೊಟ್ಟೆ. ಟ್ರಿಗರ್ ಗೆರೆ, ಬೆಳಕಿನ ಏರಿಕೆ ಎರಡೂ ಈಗ ಒಂದೇ ಗಡಿಯಾರದಲ್ಲಿ. ಟ್ರಿಗರ್ ಆದ ಮೇಲೆ ಬೆಳಕು ಬರಲು ಕೆಲವೊಮ್ಮೆ 33, ಕೆಲವೊಮ್ಮೆ 50 ಮಿಲಿಸೆಕೆಂಡ್! 60 ಹರ್ಟ್ಸ್ ಪರದೆಯಲ್ಲಿ ಒಂದು ಫ್ರೇಮ್ 16.7. ಅಂದರೆ ಇಡೀ ಫ್ರೇಮೇ ಜಾರುತ್ತಿತ್ತು.

ಒಂದೇ ಸಮನಾದ ತಡವನ್ನು ಸುಮ್ನೆ ಕಳೆದುಬಿಡಬಹುದು. ಏರಿಳಿಯುವ ತಡವೇ ತಲೆನೋವು, ಸರಾಸರಿ ತೆಗೆದಾಗ ಅಲೆಯನ್ನೇ ಚಪ್ಪಟೆ ಮಾಡುತ್ತದೆ. ಪಕ್ಕದ ಮಾನಿಟರಿಗೂ ಅದೇ ಚಿತ್ರ ಹೋಗುವುದನ್ನು ನಿಲ್ಲಿಸಿದೆ. ಚಿತ್ರ ತೋರಿಸುವ ಸಾಫ್ಟ್‌ವೇರ್ ಸೈಕೋಪೈನಲ್ಲಿ ಟ್ರಿಗರನ್ನು ಕಾಲ್‌ಆನ್‌ಫ್ಲಿಪ್‌ಗೆ ಕೊಟ್ಟೆ, ಅಂದರೆ ಫ್ರೇಮ್ ಬದಲಾಗುವ ಕ್ಷಣಕ್ಕೇ ಟ್ರಿಗರ್ ಹೋಗುತ್ತದೆ. ಏರಿಳಿತ ಹೋಯಿತು. ಉಳಿದ ತಡ 20ರ ಆಸುಪಾಸು, ದಾಖಲೆಯಲ್ಲಿನ ಟ್ರಿಗರ್ ಗುರುತುಗಳನ್ನು ಅಷ್ಟು ಮುಂದಕ್ಕೆ ಸರಿಸಿದೆ.

ಅಂದಹಾಗೆ, ಪರದೆ ಮೇಲಿನಿಂದ ಕೆಳಕ್ಕೆ ಮೂಡುತ್ತದೆ. ಡಯೋಡ್ ಮೇಲಿನ ಮೂಲೆಯಲ್ಲಿದ್ದರೆ, ನಡುವಿನ ಚಿತ್ರಕ್ಕೆ ಇನ್ನೂ ಸುಮಾರು 8 ಮಿಲಿಸೆಕೆಂಡ್ ಸೇರಿಸಿಕೊಳ್ಳಿ.