ಪೊರಕೆಯೋ ಕಸಬರಗಿಯೋ: ನನ್ನ ನಲಿಕಲಿ ಕೊಠಡಿಯ ಒಂದು ಬೆಳಿಗ್ಗೆ

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಪಕ್ಕದ ಸರ್ಕಾರಿ ಶಾಲೆಯಲ್ಲಿ ನಾನು ನಲಿಕಲಿ ಟೀಚರ್. ಒಂದರಿಂದ ಮೂರನೇ ತರಗತಿಯ 28 ಮಕ್ಕಳು ಒಂದೇ ಕೊಠಡಿಯಲ್ಲಿ. ಮನೆಮಾತು ತಮಿಳು, ತೆಲುಗು, ಉರ್ದು. ಯಾದಗಿರಿ, ರಾಯಚೂರು ಕಡೆಯಿಂದ ಗಾರೆ ಕೆಲಸಕ್ಕೆ ಬಂದವರ ಮಕ್ಕಳೂ ಇದ್ದಾರೆ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರುವಾದ ಈ ಪದ್ಧತಿಯಲ್ಲಿ ಪ್ರತಿ ಮಗುವೂ ಕಲಿಕಾ ಏಣಿಯನ್ನು, ಅಂದರೆ ಕಾರ್ಡುಗಳಲ್ಲಿ ಹಂತ ಹಂತವಾಗಿ ಜೋಡಿಸಿದ ಪಾಠಗಳನ್ನು, ತನ್ನದೇ ವೇಗದಲ್ಲಿ ಹತ್ತುತ್ತದೆ. ಯಾರಿಗೆ ಎಷ್ಟು ನೆರವು ಬೇಕೋ ಅದರಂತೆ ಮಕ್ಕಳು ಗುಂಪಾಗಿ ಕೂರುವುದಕ್ಕೆ 'ತಟ್ಟೆ' ಅನ್ನುತ್ತೇವೆ. ತಟ್ಟೆ ಐದು, ಟೀಚರ್ ಒಬ್ಬಳೇ. ಈಗ ಯಾರ ಪಕ್ಕ ಕೂರಲಿ ಎಂಬುದನ್ನು ದಿನಕ್ಕೆ ನೂರು ಸಲ ತೀರ್ಮಾನಿಸಬೇಕು.

ಮೊದಲೆಲ್ಲ ಕೂಗಿದವರ ಬಳಿ ಓಡುತ್ತಿದ್ದೆ. ಸುಮ್ಮನಿದ್ದ ಮಗು ಕಲಿಯುತ್ತಿದೆ ಅಂದುಕೊಳ್ಳುತ್ತಿದ್ದೆ. ಯಾದಗಿರಿ ಕಡೆಯ ಒಬ್ಬ ಹುಡುಗನನ್ನು ಹಾಗೇ ಬಿಟ್ಟಿದ್ದೆ. ವಯಸ್ಸು ಎಂಟು, ಶಿಕ್ಷಣ ಹಕ್ಕು ಕಾಯ್ದೆಯಂತೆ ವಯಸ್ಸಿಗೆ ತಕ್ಕ ತರಗತಿ ಎಂದು ಮೂರಕ್ಕೆ ದಾಖಲು. ಸಹಪಾಠಿಗಳ ನೆರವಿನ ತಟ್ಟೆಯಲ್ಲಿ ಕೂರಿಸಿದ್ದೆ. ವಾರವಾದರೂ ಅದೇ ಕಾರ್ಡು.

ಅವತ್ತು ಹಾಲಿನ ಹೊತ್ತು. ಒಂದನೇ ತರಗತಿಯವಳು ಲೋಟ ಚೆಲ್ಲಿಕೊಂಡು ಅಳುತ್ತಿದ್ದಳು, ಇಬ್ಬರು ಕಾರ್ಡಿಗಾಗಿ ಕಿತ್ತಾಡುತ್ತಿದ್ದರು. ಅಷ್ಟರಲ್ಲಿ, "ಮಿಸ್, ಇವ್ನಿಗೆ ಪೊರಕೆ ಅನ್ನಕ್ಕೂ ಬರಲ್ಲ" ಎಂದು ದೂರು. ಅಳುವವಳನ್ನು ದೊಡ್ಡ ಹುಡುಗಿಗೆ ಒಪ್ಪಿಸಿ ಇವನ ಪಕ್ಕ ಕೂತೆ. ಚಿತ್ರ ತೋರಿಸಿದೆ.

"ಕಸಬರಗಿ ಅಲ್ಲೇನ್ರಿ ಟೀಚರ್?" ತಲೆ ಎತ್ತಲಿಲ್ಲ.

"ಅಲ್ಲ, ಪೊರಕೆ" ಎಂದು ತಿದ್ದುವ ಮಾತು ನಾಲಿಗೆ ತುದಿಗೆ ಬಂದಿತ್ತು. ತಡೆದುಕೊಂಡೆ. ತಿದ್ದಿದ್ದರೆ ಅವನು ಮತ್ತೆ ಬಾಯಿ ಬಿಡುತ್ತಿರಲಿಲ್ಲ, ಅದು ನನಗೆ ಖಾತ್ರಿ. ಬೋರ್ಡಿನ ಮೇಲೆ ಎರಡೂ ಬರೆದೆ. ನಲಿಕಲಿಯಲ್ಲಿ ಅಕ್ಷರ ಶುರುವಾಗುವುದು ಅ, ಆ ಇಂದಲ್ಲ, ರ ಗ ಸ ದ ಅ ಇಂದ. ಅವನು ಎದ್ದು ಹೋಗಿ 'ಕಸಬರಗಿ'ಯಲ್ಲಿ ಸ, ರ ಎರಡರ ಮೇಲೂ ಬೆರಳಿಟ್ಟು ಓದಿದ. 'ಗಿ' ಹತ್ತಿರ ನಿಂತ. ಅವನಿಗೆ ಬೇಕಿದ್ದದ್ದು ಕಾಗುಣಿತ. ಅದನ್ನು ಗೆಳೆಯರಲ್ಲ, ನಾನೇ ಕಲಿಸಬೇಕಿತ್ತು. ಮರುದಿನ ಶಿಕ್ಷಕರ ಸಂಪೂರ್ಣ ನೆರವಿನ ತಟ್ಟೆಗೆ ಕರೆದುಕೊಂಡೆ. ಚಿಕ್ಕವರ ನಡುವೆ ಅವನಿಗೆ ನಾಚಿಕೆಯಾಗದಿರಲಿ ಎಂದು ಕಾರ್ಡು ಹಂಚುವ ಕೆಲಸವನ್ನೂ ಕೊಟ್ಟೆ.

ಈಗ ಸಂಜೆ ಡೈರಿಯಲ್ಲಿ, ಅವತ್ತು ನನ್ನನ್ನು ಕರೆಯದೇ ಇದ್ದ ಮೂವರ ಹೆಸರು ಬರೆದಿಡುತ್ತೇನೆ. ಮರುದಿನದ ಮೊದಲ ಹತ್ತು ನಿಮಿಷ ಅವರಿಗೆ. ಚುರುಕಾದವರು ಕಾಯಬೇಕಾಗುತ್ತದೆ, ಗಲಾಟೆಯೂ ಏಳುತ್ತದೆ. ಆದರೂ ಆ ಹತ್ತು ನಿಮಿಷ ಬಿಟ್ಟುಕೊಡುವುದಿಲ್ಲ.

ಗೋಡೆಯ ಹಾಳೆಯಲ್ಲಿ ಪೊರಕೆಯ ಪಕ್ಕ ಕಸಬರಗಿ, ಝಾಡೂ, ಚೀಪುರು ಸೇರಿವೆ. ಮೊನ್ನೆ ಅವನೇ ಬಂದು ಕೇಳಿದ: "ಟೀಚರ್, ಗಡಿಗಿಗೆ ಇಲ್ಲಿ ಏನಂತಾರ್ರಿ?"