ಸೈಕಲ್ ಬಾರದ ಅಮ್ಮ ಮಾಂಟೆರೆಯಲ್ಲಿ ಇ-ಟ್ರೈಕ್ ಓಡಿಸಿದಳು

ಅಮ್ಮನಿಗೆ 66. ಹೊನ್ನಾವರದಲ್ಲೇ ಹುಟ್ಟಿ ಬೆಳೆದವಳು. ಸೈಕಲ್ ಕಲಿತಿಲ್ಲ, ಎಲ್ಲಿಗೆ ಹೋಗುವುದಿದ್ದರೂ ಅಪ್ಪನ ಸ್ಕೂಟರಿನ ಹಿಂದಿನ ಸೀಟು. ಏಪ್ರಿಲ್‌ನಲ್ಲಿ ಇಬ್ಬರೂ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನ ನಮ್ಮ ಮನೆಗೆ ಬಂದಿದ್ದರು. ಎರಡು ವಾರ ಆಗುವಷ್ಟರಲ್ಲಿ, "ಸಮುದ್ರ ಹತ್ತಿರ ಅಂದಿದ್ದೆಯಲ್ಲ ತಂಗೀ, ಎಲ್ಲಿ?" ಎಂದು ಕೇಳತೊಡಗಿದಳು.

ಕಡಲದಂಡೆಯ ಊರು ಮಾಂಟೆರೆ ನಮ್ಮಲ್ಲಿಂದ ಸುಮಾರು 120 ಕಿಲೋಮೀಟರ್. ಅಲ್ಲಿ ನೋಡುವುದೆಲ್ಲ ದಂಡೆಯ ಉದ್ದಕ್ಕೂ ಇದೆ. ಅಮ್ಮನ ಮಂಡಿನೋವಿನಲ್ಲಿ ಅಷ್ಟು ನಡೆಯುವುದು ಆಗದ ಮಾತು, ಕಾರಿನಲ್ಲೇ ಹೋದರೆ ಪಾರ್ಕಿಂಗ್ ಹುಡುಕುವುದರಲ್ಲೇ ಅರ್ಧ ದಿನ. ಅದಕ್ಕೇ ಗೈಡ್ ಜೊತೆ ಹೋಗುವ ಇ-ಟ್ರೈಕ್ (ಮೋಟಾರು ಇರುವ ಮೂರು ಚಕ್ರದ ಸೈಕಲ್) ಸವಾರಿ ಬುಕ್ ಮಾಡಿದೆ. ಬೆಳಗ್ಗೆ ಒಂಬತ್ತಕ್ಕೆ. ಮಧ್ಯಾಹ್ನವಾದರೆ ಅಲ್ಲಿ ವಾಯವ್ಯದ ಗಾಳಿ ಜೋರು, ಹೋಗುವಾಗ ಸೀದಾ ಮುಖಕ್ಕೇ ಹೊಡೆಯುತ್ತದೆ. ಬೆಳಗ್ಗೆ ಮಂಜು ಇರುತ್ತದೆ, ಸ್ವೆಟರ್ ಬೇಕೇ ಬೇಕು.

ಮುಂದೆ ಒಂದು ಚಕ್ರ, ಹಿಂದೆ ಎರಡು, ಅಗಲವಾದ ಸೀಟು. ಪೆಡಲ್ ತುಳಿದರೆ ಮೋಟಾರು ಕೈಜೋಡಿಸುತ್ತದೆ. ಹೆಬ್ಬೆರಳಿನಿಂದ ಒತ್ತುವ ಥ್ರಾಟಲ್ ಕೂಡ ಇತ್ತು. ಬೀಳುವ ಭಯ ಇಲ್ಲ ಅಂತ ನಾನು ಸುಲಭ ಅಂದುಕೊಂಡಿದ್ದೆ, ಆದರೆ ಸೈಕಲ್ ಬರುವವರಿಗೇ ಇದು ಮೊದಲು ಕಷ್ಟ! ಸೈಕಲ್ ತಿರುವಿನಲ್ಲಿ ವಾಲುತ್ತದೆ, ಇದು ವಾಲುವುದಿಲ್ಲ. ಹ್ಯಾಂಡಲ್ಲನ್ನೇ ತಿರುಗಿಸಬೇಕು, ತಿರುವಿಗೆ ಮೊದಲೇ ವೇಗ ಇಳಿಸಬೇಕು, ಮೈಯನ್ನು ಒಳಗಡೆಗೆ ಬಾಗಿಸಬೇಕು. ಇನ್ನೊಂದು ವಿಷಯ, ನಿಲ್ಲುವಾಗ ಕಾಲು ಕೆಳಗೆ ಇಡಬಾರದು. ನಾನು ಅಭ್ಯಾಸಬಲದಿಂದ ಇಟ್ಟೆ, ಹಿಂದಿನ ಚಕ್ರ ಹಿಮ್ಮಡಿಗೆ ತಾಗಿತು. ಅಮ್ಮನಿಗೆ ಸೈಕಲ್ಲಿನ ಯಾವ ಅಭ್ಯಾಸವೂ ಇರಲಿಲ್ಲವಲ್ಲ, ಗೈಡ್ ಹೇಳಿದಂತೆಯೇ ಮಾಡಿದಳು. ಪಾರ್ಕಿಂಗ್ ಜಾಗದಲ್ಲಿ ಇಪ್ಪತ್ತು ನಿಮಿಷ ಎಂಟರ ಅಂಕಿಯ ಹಾಗೆ ಸುತ್ತಿ ಸುತ್ತಿ ನಮ್ಮೆಲ್ಲರಿಗಿಂತ ಮೊದಲು ಕಲಿತಳು.

ಅಮ್ಮಂದಿರನ್ನು ಕರೆದುಕೊಂಡು ಹೋಗುವವರಿಗೆ: ದುಪಟ್ಟಾ ಕಾರಿನಲ್ಲೇ ಇರಲಿ, ಚಕ್ರಕ್ಕೆ ಸಿಕ್ಕಿದರೆ ಅಪಾಯ. ತುರುಬು ಕಟ್ಟಿದರೆ ಹೆಲ್ಮೆಟ್ ಕೂರುವುದಿಲ್ಲ, ಕೆಳಗೆ ಜಡೆ ಹಾಕಿಸಿ. ಹತ್ತುವಾಗ, ಇಳಿಯುವಾಗ ಬ್ರೇಕ್ ಹಿಡಿದೇ ಇರಬೇಕು, ಕೈ ತಪ್ಪಿ ಥ್ರಾಟಲ್ ಒತ್ತಿದರೆ ಗಾಡಿ ಮುಂದಕ್ಕೆ ನೆಗೆಯುತ್ತದೆ.

ನಾವು ಹೋದದ್ದು ದಂಡೆಯ ಪಕ್ಕದ ಸೈಕಲ್ ದಾರಿಯಲ್ಲಿ. ಅದು ಹಳೆಯ ರೈಲು ಹಳಿಯ ಜಾಗ, ಹಾಗಾಗಿ ಬಹುಪಾಲು ಸಮತಟ್ಟು. ಇಲ್ಲಿ ದಾರಿಯ ಬಲಬದಿಯಲ್ಲೇ ಹೋಗಬೇಕು. ಹಿಂದಿನಿಂದ ಬರುವವರು 'ಆನ್ ಯುವರ್ ಲೆಫ್ಟ್' ಅಂತ ಕೂಗುತ್ತಾರೆ, ಅಂದರೆ ನಿಮ್ಮ ಎಡಗಡೆಯಿಂದ ದಾಟುತ್ತೇನೆ ಎಂದು. ಅಮ್ಮ 'ಲೆಫ್ಟ್' ಕೇಳಿದ ಕೂಡಲೇ ಎಡಕ್ಕೇ ಸರಿದಳು, ಆ ಸೈಕಲ್ಲಿನವನು ಹೇಗೋ ತಪ್ಪಿಸಿಕೊಂಡ. ಇದನ್ನು ನಾನು ಮನೆಯಲ್ಲೇ ಹೇಳಿಕೊಡಬೇಕಿತ್ತು. ಆಮೇಲೆ ಗೈಡ್ ಮುಂದೆ, ಅಮ್ಮ ಅವನ ಹಿಂದೆ, ಆಮೇಲೆ ಅಪ್ಪ, ಕೊನೆಗೆ ನಾನು.

ಕ್ಯಾನರಿ ರೋ ಅನ್ನುವ ಬೀದಿಯ ಹತ್ತಿರ ನಿಲ್ಲಿಸಿದ ಗೈಡ್, ಹಿಂದೆ ಇಲ್ಲೆಲ್ಲ ಮೀನು ಡಬ್ಬಿಗೆ ತುಂಬುವ ಕಾರ್ಖಾನೆಗಳು ಇದ್ದವು ಅಂದ. ಯಾವ ಮೀನು ಅಂತ ಅಪ್ಪ ಕೇಳಿದರು. ಸಾರ್ಡೀನ್. ಅಂದರೆ ನಮ್ಮ ತಾರ್ಲೆಯ ಬಳಗ! ಮಂಗಳೂರಿನವರ ಬೂತಾಯಿ. 1940ರ ದಶಕದ ನಡುವೆ ಒಂದೇ ಹಂಗಾಮಿಗೆ 2 ಲಕ್ಷ ಟನ್ನಿಗೂ ಜಾಸ್ತಿ ಹಿಡಿದಿದ್ದರಂತೆ, ತಿನ್ನುವುದಕ್ಕೆ ಮಾತ್ರ ಅಲ್ಲ, ಮೀನೆಣ್ಣೆಗೆ, ಮೀನಿನ ಪುಡಿಗೆ ಕೂಡ. ಕೆಲವೇ ವರ್ಷಗಳಲ್ಲಿ ಮೀನು ಇಲ್ಲವಾಯಿತು. ಅತಿಯಾಗಿ ಹಿಡಿದದ್ದೂ ಹೌದು, ಸಮುದ್ರದ ನೀರು ತಣ್ಣಗಾದದ್ದೂ ಹೌದು. ಅಪ್ಪ ಅಲ್ಲಿಂದ ಬೇಗ ಏಳಲಿಲ್ಲ. ನಮ್ಮ ಕಡೆಯೂ ಮೀನಿನ ಪುಡಿಯ ಕಾರ್ಖಾನೆಗಳಿವೆ, ತಾರ್ಲೆ ಸಿಗದ ವರ್ಷಗಳನ್ನು ಅವರೂ ನೋಡಿದ್ದಾರೆ. ಅವರ ಒಂದೊಂದು ಪ್ರಶ್ನೆಯನ್ನೂ ನಾನು ಇಂಗ್ಲಿಷಿಗೆ ಮಾಡಿ ಕೇಳಿದೆ. ಕೊನೆಗೆ ಉಳಿದಿದ್ದ ಕಾರ್ಖಾನೆಯ ಜಾಗದಲ್ಲೇ 1984ರಲ್ಲಿ ಅಕ್ವೇರಿಯಂ ತೆರೆದರು. ಒಳಗೆ ಹೋಗಲು ಬೇರೆಯೇ ಒಂದು ದಿನ ಇಟ್ಟುಕೊಳ್ಳಿ.

ಅದರಾಚೆ ಸ್ಟ್ಯಾನ್‌ಫರ್ಡ್‌ನವರ ಹಾಪ್ಕಿನ್ಸ್ ಸಮುದ್ರ ಸಂಶೋಧನಾ ಕೇಂದ್ರ. ಅಲ್ಲಿ ಮೊದಲು ಚೀನಾದಿಂದ ಬಂದ ಮೀನುಗಾರರ ಕೇರಿ ಇತ್ತು, ರಾತ್ರಿ ದೋಣಿಯಲ್ಲಿ ಬೆಂಕಿ ಉರಿಸಿ ಆ ಬೆಳಕಿಗೆ ಬರುವ ಬೊಂಡಾಸ (ಸ್ಕ್ವಿಡ್) ಹಿಡಿಯುತ್ತಿದ್ದರು. 1906ರಲ್ಲಿ ಕೇರಿಗೆ ಬೆಂಕಿ ಬಿತ್ತು. ಈಗ ಬೇಲಿಯಾಚೆಯ ಮರಳಿನಲ್ಲಿ ಸೀಲ್‌ಗಳು ಮಲಗುತ್ತವೆ. ವಸಂತ ಮರಿಹಾಕುವ ಕಾಲ, ತಾಯಿಗೆ ಅಂಟಿಕೊಂಡ ಮರಿಗಳನ್ನು ಅಮ್ಮ ಟ್ರೈಕಿನ ಸೀಟಿನಲ್ಲೇ ಕೂತು ಹತ್ತು ನಿಮಿಷ ನೋಡಿದಳು. ಕೂತಲ್ಲಿಂದಲೇ ನೋಡಬಹುದು ಅನ್ನುವುದು ಈ ಗಾಡಿಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿತು. ಮಂಡಿನೋವಿನವರಿಗೆ ನಿಂತುಕೊಂಡು ನೋಡುವುದೇ ಶಿಕ್ಷೆ ಅಲ್ವಾ.

ಲವರ್ಸ್ ಪಾಯಿಂಟ್‌ಗೆ ಸೈಕಲ್ ದಾರಿ ಮುಗಿಯುತ್ತದೆ. ಮುಂದೆ ಕಾರು ಓಡಾಡುವ ರಸ್ತೆ. ಇಲ್ಲಿಂದಲೇ ವಾಪಸ್ ಹೋಗೋಣವಾ ಅಂತ ಗೈಡ್ ಅಮ್ಮನನ್ನೇ ಕೇಳಿದ, ನನ್ನನ್ನಲ್ಲ. ಅಮ್ಮ ತಲೆ ಅಲ್ಲಾಡಿಸಿ ಮುಂದಕ್ಕೆ ಕೈ ತೋರಿಸಿದಳು. ಸ್ವಲ್ಪ ದೂರ ಹೋದೆವು, ಬಂಡೆಗಳ ಮೇಲೆಲ್ಲ ನೆಲಕ್ಕೆ ಹಾಸಿದ ಹಾಗೆ ಗುಲಾಬಿ ಬಣ್ಣದ ಹೂವು, ಅದರ ಕೆಳಗೆ ಅಲೆ. ಅದು ದಕ್ಷಿಣ ಆಫ್ರಿಕಾದ ಗಿಡ, ಏಪ್ರಿಲ್-ಮೇ ತಿಂಗಳಲ್ಲಿ ಹೋದರೆ ಸಿಗುತ್ತದೆ.

ತಿರುಗಿ ಬರುವಾಗ ಗಾಳಿ ಬೆನ್ನಿಗೆ ಇತ್ತು. ಅಪ್ಪ ಹಿಂದಿನಿಂದ "ನಿಧಾನ, ನಿಧಾನ" ಅನ್ನುತ್ತಲೇ ಇದ್ದರು. ಅಮ್ಮ ತಿರುಗಿ ನೋಡದೆ, "ನೀವು ಸುಮ್ನೆ ನಿಮ್ಮ ಗಾಡಿ ನೋಡಿಕೊಳ್ಳಿ" ಅಂದಳು.