ಜೀನ್ಸ್ ತುಂಡುಗಳ ತೋರಣದಂಚು: ಮನೆಯಲ್ಲೇ ಹೊಲಿದ ರೋಮನ್ ಶೇಡ್

ರೋಮನ್ ಶೇಡ್ ಅಂದರೆ ದಾರ ಎಳೆದು ಮಡಿಕೆಮಡಿಕೆಯಾಗಿ ಮೇಲೆತ್ತುವ ಕಿಟಕಿ ಪರದೆ. ಅದನ್ನು ಮೇಲೆತ್ತಿದರೆ ಬಟ್ಟೆಯೆಲ್ಲ ಮಡಿಕೆಯೊಳಗೆ ಸೇರಿಹೋಗುತ್ತದೆ. ಆಗ ಎದ್ದು ಕಾಣುವುದು ಕೆಳಗಿನ ಅಂಚು. ಅದಕ್ಕೇ ನಾನು ಅಳತೆಯನ್ನು ಅಂಚಿನಿಂದಲೇ ಶುರುಮಾಡುತ್ತೇನೆ. ಮೇಲಿನಿಂದ ಅಳೆಯುತ್ತ ಬಂದು ಕೊನೆಗೆ ಉಳಿದ ಜಾಗಕ್ಕೆ ಅಂಚು ಕೂಡಿಸಿದರೆ, ಎತ್ತಿದಾಗ ಅದು ಮಡಿಕೆಗಳ ಹಿಂದೆ ಅರ್ಧ ಮುಚ್ಚಿಹೋಗುತ್ತದೆ.

ನಮ್ಮ ಪಡಸಾಲೆಯ ಕಿಟಕಿ ಪಡುವಣಕ್ಕಿದೆ. 36 ಇಂಚು ಅಗಲ, 48 ಇಂಚು ಎತ್ತರ. ಬಳ್ಳಾರಿಯ ಬೇಸಿಗೆ 40 ಡಿಗ್ರಿ ದಾಟುವ ದಿನಗಳಲ್ಲಿ ಚೌಕಟ್ಟಿನೊಳಗೆ ಕೂರುವ ಶೇಡು ಸಾಲದು, ಎರಡೂ ಬದಿಯ ಸಂದಿಯಿಂದ ಬಿಸಿಲು ಒಳಗೆ ಬರುತ್ತದೆ. ಹಾಗಾಗಿ ಕಿಟಕಿಗಿಂತ 4 ಇಂಚು ಮೇಲೆ, ಗೋಡೆಗೇ ಮರದ ಪಟ್ಟಿ ಹೊಡೆಸಿದೆ. ಶೇಡಿನ ಅಗಲ 40 ಇಂಚು. ಎತ್ತರ ಒಟ್ಟು 56: ಅದರಲ್ಲಿ ಮೈ 52, ಅಂಚು 4. ಹಿಂದುಗಡೆ, ಮೈಯ ಕೆಳತುದಿಯಿಂದ ನಾಲ್ಕೂವರೆ ಇಂಚಿಗೆ, ದಾರ ತೂರಿಸುವ ರಿಂಗುಗಳ ಮೊದಲ ಸಾಲು, ಅಲ್ಲಿಂದ ಮೇಲಕ್ಕೆ 8 ಇಂಚಿಗೊಂದರಂತೆ ಇನ್ನೈದು ಸಾಲು. ಎತ್ತಿದಾಗ 8 ಇಂಚು ಬಟ್ಟೆ 4 ಇಂಚಿನ ಮಡಿಕೆಯಾಗುತ್ತದೆ. ಕೆಳಗಿನ ಭಾಗ ನಾಲ್ಕೂವರೆ ಇರುವುದರಿಂದ ಅರ್ಧ ಇಂಚು ಮೈ, ಅದರ ಕೆಳಗೆ ಪೂರ್ತಿ ಅಂಚು ಹೊರಗೆ ಉಳಿಯುತ್ತವೆ. ಈ ಅರ್ಧ ಇಂಚನ್ನು ಯಾರೂ ಮರೆಯಬಾರದು.

ಮೈಗೆ ಕೈಮಗ್ಗದ ಬಿಳಿ ಹತ್ತಿ ಬಟ್ಟೆ, ಹಿಂದೆ ಲೈನಿಂಗಿಗೆ ಕೋರಾ ಬಟ್ಟೆ. ನೆರಿಗೆ ಇಲ್ಲದ್ದರಿಂದ ಮಾಮೂಲಿ ಪರದೆಗಿಂತ ಬಟ್ಟೆ ಬಹಳ ಕಡಿಮೆ ಸಾಕು. ಎರಡನ್ನೂ ರಾತ್ರಿಯಿಡೀ ನೀರಲ್ಲಿ ನೆನೆಹಾಕಿ, ಒಣಗಿಸಿ, ಇಸ್ತ್ರಿ ಮಾಡಿದ ಮೇಲೆಯೇ ಕತ್ತರಿ. ಅಡ್ಡ ಎಳೆಯೊಂದನ್ನು ಎಳೆದು ತೆಗೆದು, ಆ ಗೆರೆಯ ಮೇಲೆ ಕತ್ತರಿಸಿದರೆ ನೇರ ಬರುತ್ತದೆ. ಆಮೇಲೆ ಮೂಲೆಯಿಂದ ಮೂಲೆಗೆ ಎರಡೂ ಕಡೆ ಟೇಪು ಹಿಡಿದು ನೋಡಬೇಕು. ಎರಡೂ ಅಳತೆ ಒಂದೇ ಬರದಿದ್ದರೆ ಶೇಡು ವಾರೆಯಾಗಿ ಏರುತ್ತದೆ.

ಅಂಚಿಗೆ ಜೀನ್ಸ್ ಆರಿಸಿದ್ದು ಊರಿನ ಅಭಿಮಾನಕ್ಕಷ್ಟೇ ಅಲ್ಲ. ಮನೆಮನೆಯಲ್ಲೂ ಜೀನ್ಸ್ ಹೊಲಿಯುವ ಊರು ನಮ್ಮದು, ಕಟ್‌ಪೀಸಿಗೆ ಬರವಿಲ್ಲ, ಅದು ನಿಜ. ಆದರೆ ಮುಖ್ಯ ಕಾರಣ ತೂಕ. ಫ್ಯಾನಿನ ಗಾಳಿಗೆ ತೆಳು ಅಂಚು ಹಾರಾಡುತ್ತದೆ, ಜೀನ್ಸ್ ಅಲುಗುವುದಿಲ್ಲ, ಶೇಡನ್ನೂ ಕೆಳಕ್ಕೆ ಎಳೆದು ಹಿಡಿಯುತ್ತದೆ. ವಾಷಿಂಗಿಗೆ ಹೋಗದ ಹೊಸ ತುಂಡು ಬಣ್ಣ ಬಿಡುತ್ತದೆ. ನೀರು ತಿಳಿಯಾಗುವವರೆಗೆ ಒಗೆಯದೆ ಬಿಳಿ ಬಟ್ಟೆಗೆ ಅದನ್ನು ತಾಗಿಸಲೇಬೇಡಿ.

ಕಡುನೀಲಿ, ತಿಳಿನೀಲಿ, ಬೂದು ತುಂಡುಗಳಲ್ಲಿ ಬಾಗಿಲ ತೋರಣದಂತೆ ಎಂಟು ತ್ರಿಕೋನ ಮಾಡಿಕೊಂಡೆ. ಬುಡ 5 ಇಂಚು, ಉದ್ದ 4 ಇಂಚು, ಸುತ್ತ ಹೊಲಿಗೆಗೆ ಅರ್ಧ ಇಂಚು ಹೆಚ್ಚು. ಮುಂದೆ ಜೀನ್ಸ್, ಹಿಂದೆ ತೆಳು ಹತ್ತಿ. ಎರಡೂ ಕಡೆ ಜೀನ್ಸೇ ಇಟ್ಟರೆ ಮೊನೆ ಗಂಟಾಗುತ್ತದೆ. ಒಳಮುಖ ಮಾಡಿ ಎರಡು ಬದಿ ಹೊಲಿದು, ಬುಡ ಬಿಟ್ಟು, ತಿರುಗಿಸಬೇಕು. 16 ನಂಬರಿನ ಸೂಜಿ ಬೇಕು. ಜೀನ್ಸ್ ಹೊಲಿಯುವ ಪಕ್ಕದ ಮನೆಯ ಹುಡುಗ ಹೇಳಿದ ಮಾತು ಬಹಳ ಕೆಲಸಕ್ಕೆ ಬಂತು: "ಅಕ್ಕಾ, ಮೊನಿಗೆ ಬಂದಾಗ ಸೀದಾ ತಿರುಗಿಸಬ್ಯಾಡ್ರಿ. ಒಂದು ಹೊಲಿಗಿ ಅಡ್ಡ ಹಾಕಿ ಆಮ್ಯಾಲೆ ತಿರುಗ್ರಿ, ಮೊನಿ ಚೂಪಾಗಿ ಬರ್ತೈತೆ." ಹಾಗೇ ಬಂತು. ತಿರುಗಿಸುವ ಮೊದಲು ಮೊನೆಯ ಹತ್ತಿರದ ಹೆಚ್ಚುವರಿ ಬಟ್ಟೆ ಕತ್ತರಿಸಿಬಿಡಿ.

ಎಂಟನ್ನೂ ಒತ್ತೊತ್ತಾಗಿ ಮೈಗೂ ಲೈನಿಂಗಿಗೂ ನಡುವೆ ಇಟ್ಟು ಒಂದೇ ಸಾಲಿನಲ್ಲಿ ಹೊಲಿದೆ. ಆ ಕೂಡುಗೆರೆಯ ಮೇಲೆ ಸಂಡೂರಿನಿಂದ ತಂದ ಒಂದಿಂಚಿನ ಕನ್ನಡಿ ಕಸೂತಿ ಪಟ್ಟಿ: ಅರ್ಧ ಇಂಚು ಮೈಗೆ, ಅರ್ಧ ಇಂಚು ಅಂಚಿಗೆ. ಬಿಟ್ಟ ಆ ಅರ್ಧ ಇಂಚಿನಲ್ಲಿ ಅದು ಸರಿಯಾಗಿ ಕೂರುತ್ತದೆ. ಕನ್ನಡಿ ಇರುವುದರಿಂದ ಕೈಹೊಲಿಗೆಯೇ ಆಗಬೇಕು. ಸಂಡೂರಿನ ಲಂಬಾಣಿ ಕಸೂತಿಗೆ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಅದನ್ನು ನಕಲು ಮಾಡದೆ ಆ ಹೆಂಗಸರ ಕೈಕೆಲಸವನ್ನೇ ದುಡ್ಡು ಕೊಟ್ಟು ತರಬೇಕು ಅನ್ನುವವಳು ನಾನು.

ಉಳಿದದ್ದು ಸುಲಭ. ರಿಂಗಿನ ಸಾಲುಗಳಲ್ಲಿ ಲೈನಿಂಗನ್ನೇ ಒಂದಿಂಚು ಮಡಿಸಿ ಹೊಲಿದರೆ ಕಡ್ಡಿ ತೂರಿಸಲು ಕೊಳವೆ ಸಿಗುತ್ತದೆ. ಒಂದೊಂದಕ್ಕೆ 2 ಇಂಚಿನಂತೆ ಲೈನಿಂಗ್ 12 ಇಂಚು ಉದ್ದ ಇರಲಿ. ಇವಲ್ಲದೆ ಕೂಡುಗೆರೆಯ ಮೇಲೆ ಇನ್ನೊಂದು ಕೊಳವೆ: ಅದಕ್ಕೆ ಮಾತ್ರ ಅಲ್ಯೂಮಿನಿಯಂ ಪಟ್ಟಿ, ಅದರ ಬಟ್ಟೆ ಈ 12 ಇಂಚಿನಲ್ಲಿ ಸೇರಿಲ್ಲ. ಸಾಲಿಗೆ ಮೂರು ರಿಂಗು. ಪ್ರತಿಯೊಂದನ್ನೂ ಮುಂದಿನ ಬಟ್ಟೆಗೂ ಸೇರಿಸಿ ಟಾಕಾ ಹಾಕಬೇಕು. ದಾರವನ್ನು ಕೆಳಗಿನ ರಿಂಗಿಗೆ ಕಟ್ಟಿ, ಮೇಲಿನವುಗಳೊಳಗೆ ತೂರಿಸಿ, ಮರದ ಪಟ್ಟಿಯ ಹುಕ್ಕುಗಳ ಮೂಲಕ ಒಂದೇ ಬದಿಗೆ ತರಬೇಕು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಜೋತುಬಿದ್ದ ದಾರ ಕುತ್ತಿಗೆಗೆ ಸುತ್ತಿಕೊಂಡರೆ ಜೀವಕ್ಕೇ ಅಪಾಯ. ದಾರ ಸುತ್ತುವ ಹುಕ್ಕನ್ನು ಮಕ್ಕಳ ಕೈಗೆಟುಕದಷ್ಟು ಎತ್ತರದಲ್ಲಿ ಹಾಕಿಸಿ, ಕೆಳಗೆ ಮಂಚವನ್ನಾಗಲಿ ಕುರ್ಚಿಯನ್ನಾಗಲಿ ಇಡಬೇಡಿ.

ಶೇಡಿನ ತಲೆಗೆ ವೆಲ್ಕ್ರೋ ಇರಲಿ. ನಮ್ಮ ಕಡೆಯ ಕೆಂಪು ಧೂಳಿಗೆ ಆಗಾಗ ಬಿಚ್ಚಿ ಒಗೆಯಲೇಬೇಕು. ಕಡ್ಡಿಗಳನ್ನು ಹೊರಗೆಳೆದು, ಕೈಯಲ್ಲೇ ಒಗೆದು, ನೆರಳಲ್ಲಿ ಒಣಗಿಸುತ್ತೇನೆ.